ಗಾರೆಗೆ ಬೆಲ್ಲದ ನೀರೋ, ಕಳ್ಳಿಯ ಲೋಳೆಯೋ, ಮೊಟ್ಟೆಯ ಬಿಳಿಯೋ?

ನಮ್ಮ ಹಳೆಯ ಇಟ್ಟಿಗೆ ಮನೆಯ ಹಿಂಗೋಡೆಗೆ ಹಿಂದೊಮ್ಮೆ ಬಳಿದಿದ್ದ ಸಿಮೆಂಟು ತೇವ ಹಿಡಿದು ಹಪ್ಪಳದಂತೆ ಎದ್ದಿತ್ತು. ಅದನ್ನು ಕೆತ್ತಿಸಿ, ಸುಣ್ಣ, ಮರಳು, ಸುರ್ಕಿಯ (ಇಟ್ಟಿಗೆ ಪುಡಿಯ) ಗಾರೆಯನ್ನು ಮೂರು ಬಗೆಯಲ್ಲಿ ಕಲೆಸಿ ಅಕ್ಕಪಕ್ಕ ಹಚ್ಚಿಸಿದೆ. ಮಳೆಗಾಲ ಕಳೆದ ಮೇಲೆ ಹೇಳುತ್ತಿದ್ದೇನೆ: ನನ್ನ ಓಟು ಬೆಲ್ಲ ಮತ್ತು ಅಳಲೆಕಾಯಿಯ ನೀರಿಗೆ.

ಜಜ್ಜಿದ ಅಳಲೆಕಾಯಿಯನ್ನು ಬೆಲ್ಲದೊಂದಿಗೆ ನೆನೆಹಾಕಿ, ಹುಳಿ ಬಂದ ಮೇಲೆ ಸೋಸಿಕೊಳ್ಳಬೇಕು. ಪ್ಲಾಸ್ಟಿಕ್ ಪೀಪಾಯಿಯೇ ಸರಿ. ಅಳಲೆಯ ಒಗರು ಕಬ್ಬಿಣಕ್ಕೆ ತಾಗಿದರೆ ನೀರು ಕಪ್ಪಾಗುತ್ತದೆ, ಹಿಂದಿನವರು ಶಾಯಿ ಮಾಡುತ್ತಿದ್ದುದೂ ಇದೇ ಗುಣದಿಂದ. ಗಾರೆ ಕರಣೆಯಡಿ ಸಲೀಸಾಗಿ ಹರಡಿತು, ಬಿರುಕು ಕಡಿಮೆ. ಇರುವೆ ಬಂದವು, ಒಣಗಿದ ಮೇಲೆ ಹೋದವು.

ತಲೆನೋವು ತಂದದ್ದು ಮೇಸ್ತ್ರಿಯ ಸಿಮೆಂಟು ಪ್ರೀತಿ. ಬರಿಯ ಸುಣ್ಣ ನಿಲ್ಲುತ್ತದೆಂದು ಅವರಿಗೆ ನಂಬಿಕೆಯಿಲ್ಲ. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಗೆ ಹಾಕಿದ್ದೂ ಸುರ್ಕಿ ಗಾರೆಯೇ ಎಂದೆ. “ಅದು ಮಹಾರಾಜರ ಕಾಲ ಸಾರ್” ಎಂದರು. ನಾನು ಊಟಕ್ಕೆ ಹೋದಾಗ, ಬೇಗ ಬಿಗಿಯಲೆಂದು ಬೆಲ್ಲದ ಗಾರೆಗೆ ಒಂದು ಬಾಣಲಿ ಸಿಮೆಂಟು ಸುರಿದರು.

ಆದದ್ದು ತದ್ವಿರುದ್ಧ. ಸಕ್ಕರೆಯಂಶವಿದ್ದರೆ ನೀರಿನಲ್ಲಿ ಸುಣ್ಣ ಹೆಚ್ಚು ಕರಗುತ್ತದೆ, ಗಾರೆಗೆ ಅದು ಒಳ್ಳೆಯದು. ಆದರೆ ಸಿಮೆಂಟು ಬಿಗಿಯುವುದನ್ನು ಅದೇ ಸಕ್ಕರೆ ತಡೆಯುತ್ತದೆ. ಆ ಪಟ್ಟಿ ಮಾತ್ರ ವಾರವಾದರೂ ಬೆರಳೊತ್ತಿದರೆ ಕುಳಿ ಬೀಳುತ್ತಿತ್ತು. ಕೆರೆದು ಮತ್ತೆ ಹಚ್ಚಬೇಕಾಯಿತು. ಕೂಲಿ ಎರಡು ಸಲ ಕೊಟ್ಟವನು ನಾನು. ಮೇಸ್ತ್ರಿ ಬೆಲ್ಲವನ್ನೇ ದೂರಿದರು.

ಪಾಪಾಸುಕಳ್ಳಿಗೆ ದುಡ್ಡಿಲ್ಲ, ಬೇಲಿಯಲ್ಲೇ ಸಿಗುತ್ತದೆ. ಕತ್ತರಿಸಿ ನೆನೆಸಿದರೆ ಲೋಳೆ ಬಿಡುತ್ತದೆ. ಮಳೆನೀರು ಆ ಭಾಗದಲ್ಲಿ ಚೆನ್ನಾಗಿ ಜಾರಿತು, ಒಪ್ಪುತ್ತೇನೆ. ಆದರೆ ಆ ಸಣ್ಣ ಮುಳ್ಳುಗಳನ್ನು ಕೈಯಿಂದ ಕೀಳುವ ತಾಳ್ಮೆ ನನಗಿಲ್ಲ, ನಾತವೂ ಜಾಸ್ತಿ.

ಮೊಟ್ಟೆಯ ಬಿಳಿ ಚೆಟ್ಟಿನಾಡಿನ ಮನೆಗಳಂತೆ ನುಣುಪಾದ ಒಳಗೋಡೆ ಬೇಕೆನ್ನುವವರಿಗೆ. ನಮ್ಮ ಅಮ್ಮ ಅದನ್ನು ಬಚ್ಚಲುಮನೆಯ ಹೊರಗೋಡೆಯಿಂದ ಮುಂದಕ್ಕೆ ಬಿಡಲಿಲ್ಲ.

ಬೇಸಿಗೆಯಲ್ಲಿ ಮುಂಗೋಡೆಗೂ ಬೆಲ್ಲದ ಗಾರೆಯೇ. ಅಚ್ಚು ಬೆಲ್ಲ ಬೇಕಿಲ್ಲ, ಅಂಗಡಿಯವರು ಅಗ್ಗಕ್ಕೆ ಕೊಡುವ ಬಣ್ಣಗೆಟ್ಟ ಬೆಲ್ಲ ಸಾಕು. ಕಾಂಪೌಂಡಿಗೆ, ಮುಳ್ಳು ಕೀಳಲು ಯಾರಾದರೂ ಸಿಕ್ಕರೆ, ಕಳ್ಳಿ. ಸಿಮೆಂಟಿನ ಚೀಲಗಳನ್ನು ಆಗಲೇ ಪಕ್ಕದ ಮನೆಯವರಿಗೆ ಕೊಟ್ಟಿದ್ದೇನೆ.