ಹಿಂದಿನ ಲೀಫ್ ಸ್ಪ್ರಿಂಗ್: ಎರಡು ಸೆಟ್, ನಾಲ್ಕು ವರ್ಷ, 62,000 ಕಿ.ಮೀ.

ನನ್ನ ಫೋರ್ ವೀಲ್ ಡ್ರೈವ್ ಪಿಕಪ್‌ಗೆ ಹಿಂದಿನ ಲೀಫ್ ಸ್ಪ್ರಿಂಗ್, ಅಂದರೆ ಗಾಡಿಯ ಭಾರ ಹೊರುವ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು, ಎರಡು ಸಲ ಬದಲಿಸಿದ್ದೇನೆ. ಮೊದಲ ಸೆಟ್ ಎಂಟೇ ತಿಂಗಳಿಗೆ ಬಿಚ್ಚಿಸಿದೆ. ಎರಡನೆಯದು ನಾಲ್ಕು ವರ್ಷದಿಂದ ಗಾಡಿಯಲ್ಲಿದೆ. 62,000 ಕಿ.ಮೀ. ಓಡಿದೆ, ಅದರಲ್ಲಿ ಮೂರನೇ ಒಂದು ಭಾಗ ಕಲ್ಲು, ಕೆಸರು, ಹಳ್ಳದ ದಾರಿ. ಹೊಸ ಸೆಟ್ ಹುಡುಕುತ್ತಿರುವವರಿಗೆ ನಾನು ಹೇಳುವುದು ಒಂದೇ. ಗಾಡಿ ಎಷ್ಟು ಇಂಚು ಎತ್ತರ ಆಗುತ್ತೆ ಅಂತ ಮೊದಲು ಕೇಳಬೇಡಿ, ಹಿಂದೆ ದಿನಾ ಎಷ್ಟು ಕೆ.ಜಿ. ಕೂತಿರುತ್ತೆ ಅಂತ ಲೆಕ್ಕ ಹಾಕಿ.

ಗಾಡಿಯ ಜೊತೆ ಬಂದಿದ್ದ ಪಟ್ಟಿಗಳು ಸೋತುಹೋಗಿದ್ದವು. ಸಾಮಾನು ತುಂಬಿದರೆ ಕಮಾನು ಚಪ್ಪಟೆಯಾಗಿ, ಇನ್ನೂ ಸ್ವಲ್ಪ ಹೇರಿದರೆ ಉಲ್ಟಾ ಬಾಗುತ್ತಿತ್ತು. ಸಣ್ಣ ಗುಂಡಿಗೂ ಆಕ್ಸಲ್ (ಎರಡು ಚಕ್ರಗಳ ನಡುವಿನ ಅಡ್ಡ ದಂಡ) ಹೋಗಿ ಬಂಪ್ ಸ್ಟಾಪ್‌ಗೆ, ಅಂದರೆ ಅದನ್ನು ತಡೆಯುವ ರಬ್ಬರ್ ಗಟ್ಟಿಗೆ, ಗುದ್ದುತ್ತಿತ್ತು. ರಾತ್ರಿ ಹೆಡ್‌ಲೈಟ್ ರಸ್ತೆ ಬಿಟ್ಟು ಮೇಲೆ ಬೀಳುತ್ತಿತ್ತು. ಎಡಕ್ಕೂ ಬಲಕ್ಕೂ ಎತ್ತರದಲ್ಲಿ 20 ಮಿ.ಮೀ. ವ್ಯತ್ಯಾಸ ಬಂದಿತ್ತು.

'ಆಫ್‌ರೋಡ್ ಅಲ್ವಾ, ಹೆವಿ ಡ್ಯೂಟಿನೇ ಹಾಕಿಸಿ' ಎಂದು ಮಾರುವವರು ಹೇಳಿದರು. ನಂಬಿದೆ. ಯಾವಾಗಲೂ 400 ಕೆ.ಜಿ. ಹೊತ್ತಿರುವ ಗಾಡಿಗೆಂದು ಮಾಡಿದ ಸೆಟ್ ಅದು. ನನ್ನ ಗಾಡಿ ಹೆಚ್ಚಿನ ದಿನ ಅದರ ಅರ್ಧದಷ್ಟೂ ಹೊರುವುದಿಲ್ಲ. ನೋಡಲು ಹಿಂಭಾಗ ಎತ್ತರವಾಗಿ ಚೆನ್ನಾಗೇ ಕಾಣುತ್ತಿತ್ತು, ಆದರೆ ಅಲೆ ಅಲೆಯಾದ ಮಣ್ಣಿನ ರಸ್ತೆಗೆ ಇಳಿದ ಕೂಡಲೇ ಹಿಂದಿನ ಚಕ್ರಗಳು ನೆಲಕ್ಕೆ ಅಂಟದೆ ಕುಣಿಯುತ್ತಿದ್ದವು, ತಿರುವಿನಲ್ಲಿ ಬಾಲ ಪಕ್ಕಕ್ಕೆ ಜಾರುತ್ತಿತ್ತು. ಓರೆಕೋರೆ ಹಳ್ಳ ದಾಟುವಾಗ ಒಂದು ಚಕ್ರ ಗಾಳಿಯಲ್ಲಿ ನಿಂತು ಸುಮ್ನೆ ತಿರುಗುತ್ತಿತ್ತು. ಪಟ್ಟಿ ಬಾಗದಿದ್ದರೆ ಚಕ್ರ ಕೆಳಗಿಳಿಯುವುದಾದರೂ ಹೇಗೆ? ಹಿಂದೆ ಕೂತವರಿಗೆ ಸೊಂಟ ನೋವು. ಎಂಟು ತಿಂಗಳು ಸಹಿಸಿಕೊಂಡೆ.

ಆಮೇಲೆ ಓದಿ ತಿಳಿದುಕೊಂಡ ಒಂದು ವಿಷಯ ಎಲ್ಲರಿಗೂ ಗೊತ್ತಿರಬೇಕು. ಪಟ್ಟಿ ಎಷ್ಟು ದಪ್ಪ ಎನ್ನುವುದೇ ಗಟ್ಟಿತನದಲ್ಲಿ, ಅಂದರೆ ಸುಲಭಕ್ಕೆ ಬಾಗದಿರುವುದರಲ್ಲಿ, ದೊಡ್ಡ ಪಾಲು. ಪಟ್ಟಿಗಳ ಸಂಖ್ಯೆ ಎರಡರಷ್ಟಾದರೆ ಗಟ್ಟಿತನವೂ ಎರಡರಷ್ಟು. ದಪ್ಪ ಎರಡರಷ್ಟಾದರೆ ಗಟ್ಟಿತನ ಎಂಟರಷ್ಟು. 7 ಮಿ.ಮೀ. ಪಟ್ಟಿಗಳ ಬದಲು 8 ಮಿ.ಮೀ. ಪಟ್ಟಿ ಹಾಕಿದರೇ ಸ್ಪ್ರಿಂಗ್ ಸುಮಾರು ಒಂದೂವರೆ ಪಟ್ಟು ಗಟ್ಟಿಯಾಗುತ್ತದೆ. ಹಾಗಾಗಿ ಬರೀ 'ಐದು ಪಟ್ಟಿ, ಆರು ಪಟ್ಟಿ' ಅಂತ ಎಣಿಸಿದರೆ ಸಾಲದು. ಕ್ಯಾಲಿಪರ್ ಹಿಡಿದು ದಪ್ಪ ಅಳೆಯಿರಿ.

ಎರಡನೇ ಸಲ ಮೊದಲು ಗಾಡಿಯನ್ನು ವೇಬ್ರಿಡ್ಜ್‌ಗೆ ತಗೊಂಡು ಹೋದೆ. ಮುಂದಿನ ಚಕ್ರ ಹೊರಗಿಟ್ಟು ಹಿಂದಿನ ಆಕ್ಸಲ್ ಮಾತ್ರ ತೂಗಿಸಿದೆ, ಒಮ್ಮೆ ಖಾಲಿ, ಒಮ್ಮೆ ಪ್ರವಾಸದ ಸಾಮಾನಿನ ಜೊತೆ. ಕ್ಯಾನಪಿ (ಹಿಂದಿನ ತೊಟ್ಟಿಯ ಮೇಲಿನ ಮುಚ್ಚಳದ ಗೂಡು) 70, ಡ್ರಾಯರ್ ಮತ್ತು ಟೂಲ್ಸ್ 50, ನೀರು 40 ಲೀಟರ್, ಇನ್ನೊಂದು ಸ್ಟೆಪ್ನಿ 30. ಎಲ್ಲ ಸೇರಿ 190 ಕೆ.ಜಿ. ಅಂದುಕೊಂಡಿದ್ದೆ. ಆಕ್ಸಲ್ ಮೇಲೆ ಬಿದ್ದದ್ದು ಅದಕ್ಕಿಂತ ಜಾಸ್ತಿ. ಯಾಕೆಂದರೆ ಆಕ್ಸಲ್‌ಗಿಂತ ಹಿಂದೆ ಇಟ್ಟ ತೂಕ ಸನ್ನೆಗೋಲಿನ ಹಾಗೆ ಮುಂಭಾಗವನ್ನು ಎತ್ತಿ, ಆ ಭಾರವನ್ನೂ ಹಿಂದಿನ ಚಕ್ರಕ್ಕೇ ಹಾಕುತ್ತದೆ. ಹಿಂಬಾಗಿಲ ಹತ್ತಿರ ಸ್ಟೆಪ್ನಿ ನೇತುಹಾಕುವವರು ಇದನ್ನು ಗಮನಿಸಿ.

ಆ ತೂಕ ನೋಡಿ, 300 ಕೆ.ಜಿ. ಒಳಗಿನ ಭಾರಕ್ಕೆಂದು ಮಾಡಿದ ಸೆಟ್ ಆರಿಸಿದೆ. ಐದು ಪಟ್ಟಿ, ಕೆಳಗೆ ಒಂದು ದಪ್ಪ ಓವರ್‌ಲೋಡ್ ಪಟ್ಟಿ. ಗಾಡಿ ಖಾಲಿ ಇದ್ದಾಗ ಓವರ್‌ಲೋಡ್ ಪಟ್ಟಿ ಕೆಲಸಕ್ಕೆ ಬರುವುದಿಲ್ಲ, ಭಾರ ಬಿದ್ದು ಮೇಲಿನವು ಇಳಿದಾಗ ಮಾತ್ರ ಕೈಜೋಡಿಸುತ್ತದೆ. ಎರಡನೇ ಪಟ್ಟಿಯ ತುದಿ ಮೇನ್ ಪಟ್ಟಿಯ ಕಣ್ಣನ್ನು (ಬೋಲ್ಟ್ ಕೂರುವ, ಉಂಗುರದಂತೆ ಸುರುಳಿಯಾದ ತುದಿ) ಸುತ್ತಿಕೊಂಡಿದೆ. ದೂರದ ದಾರಿಯಲ್ಲಿ ಮೇನ್ ಪಟ್ಟಿ ಮುರಿದರೂ ಆಕ್ಸಲ್ ಜಾಗ ಬಿಟ್ಟು ಹೋಗಬಾರದು, ಅದಕ್ಕೇ ಇದು ನನಗೆ ಮುಖ್ಯ. ಟೊಯೋಟಾದ ಆಫ್‌ರೋಡ್ ಗಾಡಿ ಲ್ಯಾಂಡ್ ಕ್ರೂಸರ್ 70 ಸರಣಿಗೆ 1999ರಲ್ಲಿ ಮುಂದೆ ಕಾಯಿಲ್ (ಸುರುಳಿ) ಸ್ಪ್ರಿಂಗ್ ಬಂತು, ಹಿಂದೆ ಮಾತ್ರ ಲೀಫ್ ಹಾಗೇ ಉಳಿಯಿತು. ಲೀಫ್‌ನಲ್ಲಿ ಭಾರ ಹೊರುವುದು, ಆಕ್ಸಲ್ ಹಿಡಿದಿಡುವುದು ಎರಡನ್ನೂ ಒಂದೇ ಪಟ್ಟಿ ಕಟ್ಟು ಮಾಡುತ್ತದೆ.

ಪ್ಯಾರಾಬಾಲಿಕ್ ಪಟ್ಟಿಗಳನ್ನೂ ನೋಡಿದ್ದೆ. ಮಧ್ಯೆ ದಪ್ಪ, ತುದಿಗೆ ತೆಳ್ಳಗೆ, ಪಟ್ಟಿ ಪಟ್ಟಿಗೆ ಉಜ್ಜುವುದು ಕಡಿಮೆ. ಗೆಳೆಯನ ಗಾಡಿಯಲ್ಲಿ ಓಡಿಸಿದೆ, ನಿಜಕ್ಕೂ ಮೆತ್ತಗಿದೆ. ಆದರೆ ಉಜ್ಜಾಟ ಕಡಿಮೆಯಾದಷ್ಟೂ ಕುಣಿತ ತಡೆಯುವ ಕೆಲಸ ಪೂರ್ತಿ ಶಾಕ್ ಅಬ್ಸಾರ್ಬರ್ ಮೇಲೆ ಬೀಳುತ್ತದೆ, ಒಳ್ಳೆಯ ಶಾಕ್ ಬೇಕೇ ಬೇಕು. ಎರಡೇ ಪಟ್ಟಿಯಿದ್ದು ಒಂದು ಮುರಿದರೆ ಉಳಿಯುವುದೂ ಒಂದೇ. ಒಬ್ಬನೇ ದೂರ ಹೋಗುವ ನನಗೆ ಧೈರ್ಯ ಬರಲಿಲ್ಲ.

ಈಗ ನಾಲ್ಕು ವರ್ಷದ ಲೆಕ್ಕ. ಹೊಸದಾಗಿ ಹಾಕಿದಾಗ ಗಾಡಿ 40 ಮಿ.ಮೀ. ಎತ್ತರವಾಯಿತು. ಮೊದಲ ಮೂರು ತಿಂಗಳಲ್ಲಿ 8 ಮಿ.ಮೀ. ಕುಳಿತಿತು, ಆಮೇಲೆ ಇಷ್ಟು ವರ್ಷಕ್ಕೆ ಇನ್ನೊಂದು 6 ಅಷ್ಟೇ. ನಾನು ಅಳೆಯುವುದು ಚಕ್ರದ ನಡುವಿನಿಂದ ಫೆಂಡರ್ ಅಂಚಿಗೆ. ನೆಲದಿಂದ ಅಳೆದರೆ ಟೈರ್ ಸವೆತ, ಗಾಳಿ ಎಲ್ಲ ಸೇರಿ ಲೆಕ್ಕ ತಪ್ಪುತ್ತದೆ. ಖಾಲಿ ಗಾಡಿಯೂ ಗುಂಡಿಯಲ್ಲಿ ಒದೆಯುವುದಿಲ್ಲ. ಹಳ್ಳದಲ್ಲಿ ಚಕ್ರ ಇಳಿದು ನೆಲ ಹಿಡಿಯುತ್ತದೆ. ಇದಕ್ಕೇ ನಾನು ಕಾದಿದ್ದೆ.

ತೊಂದರೆಗಳೂ ಇವೆ. ಪಟ್ಟಿ ತುದಿಗಳ ನಡುವಿನ ನೈಲಾನ್ ಪ್ಯಾಡ್ ಮೂರನೇ ವರ್ಷಕ್ಕೆ ಸವೆದು ಕಿರುಗುಟ್ಟತೊಡಗಿತು. ಗ್ರೀಸ್ ಹಚ್ಚಿ ನೋಡಿದೆ, ಮರಳು ಮೆತ್ತಿಕೊಂಡು ಇನ್ನೂ ಜಾಸ್ತಿ ಉಜ್ಜಿತು. ಈಗ ಕೆಸರಿನಿಂದ ಬಂದ ದಿನವೇ ನೀರು ಹೊಡೆದು ತೊಳೆಯುತ್ತೇನೆ. ಲೋ ರೇಂಜ್‌ನಲ್ಲಿ (ನಿಧಾನ ವೇಗ, ಹೆಚ್ಚು ಎಳೆತದ ಗೇರ್) ಕಡಿದಾದ ಏರು ಹತ್ತುವಾಗ ಆಕ್ಸಲ್ ತಿರುಚಿ ಪಟ್ಟಿ ಎಸ್ ಆಕಾರಕ್ಕೆ ಬಾಗುವುದು ಈ ಸೆಟ್‌ನಲ್ಲೂ ಸ್ವಲ್ಪ ಇದೆ. ಅದಕ್ಕೇ ಎತ್ತರಕ್ಕೆಂದು ಆಕ್ಸಲ್‌ಗೂ ಪಟ್ಟಿಗೂ ನಡುವೆ ಬ್ಲಾಕ್ ಇಡಬೇಡಿ, ಈ ತಿರುಚುವಿಕೆ ಇನ್ನೂ ಹೆಚ್ಚುತ್ತದೆ. ಕಳೆದ ವರ್ಷ ಎಡಗಡೆಯ ಮೂರನೇ ಪಟ್ಟಿ, ಪಟ್ಟಿಗಳನ್ನೆಲ್ಲ ನಡುವೆ ಪೋಣಿಸುವ ಸೆಂಟರ್ ಬೋಲ್ಟ್ ತೂತಿನ ಹತ್ತಿರ ಬಿರುಕು ಬಿಟ್ಟಿತು. ನೋಡಿದರೆ ಪಟ್ಟಿ ಕಟ್ಟನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್ ಸಡಿಲ. ಯು ಬೋಲ್ಟ್ ಬಿಗಿಯಾಗಿದ್ದರೆ ಆ ತೂತಿನ ಜಾಗ ಬಾಗುವುದೇ ಇಲ್ಲ, ಸಡಿಲವಾದರೆ ಬಾಗುವಿಕೆಯೆಲ್ಲ ಅತಿ ದುರ್ಬಲ ಜಾಗಕ್ಕೇ ಬಂದು ಬೀಳುತ್ತದೆ. ತಪ್ಪು ಪಟ್ಟಿಯದಲ್ಲ, ನನ್ನದು. ಆ ಒಂದು ಪಟ್ಟಿ ಮಾತ್ರ ಬದಲಿಸಿದೆ.

ಹಾಕಿಸುವಾಗ ಪಕ್ಕದಲ್ಲೇ ನಿಂತಿರಿ. ನನ್ನ ಗಾಡಿಯನ್ನು ಎತ್ತಿ ನಿಲ್ಲಿಸಿ, ಚಕ್ರ ನೇತಾಡುತ್ತಿರುವಾಗಲೇ ವರ್ಕ್‌ಶಾಪ್‌ನವರು ಬುಷ್ (ಪಟ್ಟಿಯ ಕಣ್ಣಿನೊಳಗೆ ಕೂರುವ ರಬ್ಬರ್ ಕೊಳವೆ) ಬೋಲ್ಟ್‌ಗಳನ್ನು ಪೂರ್ತಿ ಬಿಗಿದಿದ್ದರು. ಗಾಡಿ ಕೆಳಗಿಳಿದಾಗ ರಬ್ಬರ್ ಬುಷ್ ತಿರುಚಿಕೊಂಡೇ ಉಳಿಯಿತು, ವರ್ಷದೊಳಗೆ ಹರಿದುಹೋಯಿತು. ಗಾಡಿ ತನ್ನ ಕಾಲ ಮೇಲೆ ನಿಂತ ಮೇಲೇ ಕೊನೆಯ ಬಿಗಿ ಕೊಡಬೇಕು. ಯು ಬೋಲ್ಟ್ ಹಳೆಯದನ್ನೇ ಮತ್ತೆ ಹಾಕಲು ಬಿಡಬೇಡಿ, ಒಮ್ಮೆ ಬಿಗಿದದ್ದು ಹಿಗ್ಗಿರುತ್ತದೆ. 500 ಕಿ.ಮೀ. ಆದ ಮೇಲೆ ಟಾರ್ಕ್ ರೆಂಚ್ ಹಿಡಿದು ಮತ್ತೆ ನೋಡಿ.

ಎತ್ತರವಾದ ಮೇಲೆ ನನ್ನ ಗಾಡಿಯಲ್ಲಿ 70ರ ವೇಗಕ್ಕೆ ಪ್ರೊಪೆಲ್ಲರ್ ಶಾಫ್ಟ್ (ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ತಿರುಗುವ ದಂಡ) ನಡುಗುತ್ತಿತ್ತು, ಅದರ ಕೋನ ಸರಿಪಡಿಸಲು ಆಕ್ಸಲ್ ಮೇಲೆ 2 ಡಿಗ್ರಿ ವೆಜ್ (ಓರೆ ಬೆಣೆ) ಇಟ್ಟಾಗ ನಿಂತಿತು. ಹಿಂದಿನ ಬ್ರೇಕ್‌ಗೆ ಲೋಡ್ ಸೆನ್ಸಿಂಗ್ ವಾಲ್ವ್ (ಭಾರ ನೋಡಿ ಹಿಂದಿನ ಬ್ರೇಕ್ ಹೆಚ್ಚುಕಡಿಮೆ ಮಾಡುವ ವಾಲ್ವ್) ಇದ್ದರೆ ಅದರ ಕಡ್ಡಿಯನ್ನೂ ಹೊಂದಿಸಬೇಕು. ಇಲ್ಲದಿದ್ದರೆ ಅದು ಗಾಡಿ ಖಾಲಿ ಅಂತಲೇ ತಿಳಿದು ಹಿಂದಕ್ಕೆ ಬ್ರೇಕ್ ಕಡಿಮೆ ಕೊಡುತ್ತದೆ. ಬ್ರೇಕ್ ಹೋಸ್ ಉದ್ದ ಸಾಲುತ್ತದೆಯೇ ಅಂತಲೂ ಚಕ್ರ ಪೂರ್ತಿ ಇಳಿಸಿ ನೋಡಿ.

ಮುಂದಿನ ತಿಂಗಳು ಪ್ಯಾಡ್, ಬುಷ್ ಎಲ್ಲ ಹೊಸದು ಹಾಕಿಸುತ್ತಿದ್ದೇನೆ. ಪಟ್ಟಿಗಳು ಇವೇ ಇರುತ್ತವೆ.