ಟಿ12 ಸೋಲ್ಡರಿಂಗ್ ಸ್ಟೇಶನ್: ಬಿಟ್ ಯಾವುದು, ವೋಲ್ಟೇಜ್ ಎಷ್ಟು?

ಗದಗಿನ ನಮ್ಮ ರಿಪೇರಿ ಅಂಗಡಿಯಲ್ಲಿ ಕೆಲವು ವರ್ಷಗಳಿಂದ ಟಿ12 ಸ್ಟೇಶನ್, ಅಂದರೆ ಬಿಸಿ ಎಷ್ಟಿರಬೇಕೆಂದು ಸೆಟ್ ಮಾಡಬಹುದಾದ ಸೋಲ್ಡರಿಂಗ್ ಐರನ್, ಬಳಸುತ್ತಿದ್ದೇನೆ. ಮಿಕ್ಸರ್ ಬೋರ್ಡ್, ಎಲ್‌ಇಡಿ ಬಲ್ಬ್, ಯುಪಿಎಸ್, ರೈತರು ಔಷಧ ಹೊಡೆಯುವ ಬ್ಯಾಟರಿ ಪಂಪ್, ಎಲ್ಲಕ್ಕೂ ಇದೇ. ಒಳ್ಳೆಯ ಸಾಮಾನು. ಆದರೆ ಬಿಟ್ (ಸೋಲ್ಡರ್ ಕರಗಿಸುವ ಬಿಸಿ ತುದಿಯ ಕಡ್ಡಿ) ಮತ್ತು ಪವರ್ ಒಂದಕ್ಕೊಂದು ಹೊಂದದಿದ್ದರೆ ಹಳೆಯ 25 ವ್ಯಾಟ್ ಐರನ್ನೇ ವಾಸಿ ಅನಿಸುತ್ತದೆ.

ಟಿ12 ಬಿಟ್ ಜಪಾನಿನ ಹ್ಯಾಕೊ ಕಂಪನಿಯ ವಿನ್ಯಾಸ. ಅಂಗಡಿಯಲ್ಲಿ ಸಿಗುವ ಸ್ಟೇಶನ್‌ಗಳಲ್ಲಿ ಬಹಳಷ್ಟು ಆ ಬಿಟ್‌ಗೆ ಹೊಂದುವಂತೆ ಬೇರೆಯವರು ಮಾಡಿದವು. ಈ ಬಿಟ್‌ನಲ್ಲಿ ಹೀಟರ್ ಕಾಯಿಲ್, ಸೆನ್ಸರ್, ತುದಿ ಮೂರೂ ಒಂದೇ ಕಡ್ಡಿಯಲ್ಲಿವೆ. ಅದಕ್ಕೇ ಬೇಗ ಕಾಯುತ್ತದೆ, ಬಿಟ್ ಬದಲಿಸುವುದೂ ಸುಲಭ.

ಕಾಯಿಲ್‌ನ ರೆಸಿಸ್ಟೆನ್ಸ್ ಸುಮಾರು 8 ಓಮ್. ಲೆಕ್ಕ ಅಲ್ಲೇ ಇದೆ: ವೋಲ್ಟೇಜನ್ನು ಅದರಿಂದಲೇ ಗುಣಿಸಿ ರೆಸಿಸ್ಟೆನ್ಸ್‌ನಿಂದ ಭಾಗಿಸಿದರೆ ವ್ಯಾಟ್. 24 ವೋಲ್ಟ್ ಕೊಟ್ಟರೆ 72 ವ್ಯಾಟ್. ಹಳೆಯ ಲ್ಯಾಪ್‌ಟಾಪ್‌ನ 19 ವೋಲ್ಟ್ ಅಡಾಪ್ಟರ್ ಹಾಕಿದರೆ 45 ವ್ಯಾಟ್. 12 ವೋಲ್ಟ್ ಬ್ಯಾಟರಿಗೆ ಜೋಡಿಸಿದರೆ ಬರೀ 18. ವೋಲ್ಟೇಜ್ ಅರ್ಧಕ್ಕಿಳಿದರೆ ಪವರ್ ಕಾಲು ಭಾಗಕ್ಕೆ ಇಳಿಯುತ್ತದೆ. ಡಿಸ್‌ಪ್ಲೇಯಲ್ಲಿ ಮಾತ್ರ ಮೂರರಲ್ಲೂ 350 ಡಿಗ್ರಿ ಸೆಟ್ ಮಾಡಬಹುದು! ಹೊಸಬರು ಆ ಅಂಕಿ ನೋಡಿ ಎಲ್ಲ ಸರಿಯಿದೆ ಅಂದುಕೊಳ್ಳುತ್ತಾರೆ. ಅದು ಬಿಟ್‌ನ ಒಳಗಿನ ಸೆನ್ಸರ್ ಕಂಡ ಬಿಸಿ. ಬೋರ್ಡಿನ ಮೇಲಿನ ಜಾಯಿಂಟ್‌ಗೆ ಎಷ್ಟು ಮುಟ್ಟಿತು ಅನ್ನುವುದನ್ನು ಅದು ಹೇಳುವುದಿಲ್ಲ.

ಎಲ್‌ಇಡಿ ಬಲ್ಬ್ ಪ್ಲೇಟ್ ತಗೊಳ್ಳಿ. ಹಿಂದೆ ಅಲ್ಯೂಮಿನಿಯಂ ಇರುವುದರಿಂದ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. ಸೂಜಿಯಂಥ ಐಎಲ್‌ಎಸ್ ಬಿಟ್ ಇಟ್ಟರೆ ಸೋಲ್ಡರ್ ಸರಿಯಾಗಿ ಕರಗದೆ ಗಟ್ಟಿಯಾಗಿ ಅಂಟಿ ನಿಲ್ಲುತ್ತದೆ. ತೆಳು ಹಂಚಿನ ಮೇಲೆ ದಪ್ಪ ರೊಟ್ಟಿ ಹಾಕಿದ ಹಾಗೆ, ಹಾಕಿದ ಕೂಡಲೇ ಕಾವು ಇಳಿಯುತ್ತದೆ. ಆಗ ಸುಮ್ನೆ 450ಕ್ಕೆ ಏರಿಸಬೇಡಿ, ಬಿಟ್ ಬದಲಿಸಿ. ಅಗಲ ತುದಿಯ ಡಿ24 ಅಥವಾ ಚಾಕುವಿನಂಥ ಕೆ ಬಿಟ್ ಹಾಕಿ, 24 ವೋಲ್ಟ್ ಸಪ್ಲೈ ಕೊಡಿ, ಪ್ಲೇಟನ್ನು ಕೆಳಗಿನಿಂದ ಸ್ವಲ್ಪ ಕಾಯಿಸಿ. 350ರಲ್ಲೇ ಕೆಲಸ ಮುಗಿಯುತ್ತದೆ. 60/40 ಸೋಲ್ಡರ್ (60 ಭಾಗ ತವರ, 40 ಭಾಗ ಸೀಸ) 190 ಡಿಗ್ರಿಯ ಹೊತ್ತಿಗೆ ಪೂರ್ತಿ ಕರಗಿರುತ್ತದೆ. ಸೀಸವಿಲ್ಲದ ಸಾಮಾನ್ಯ ಸೋಲ್ಡರ್ ಕೂಡ 217ರಿಂದ 227 ಡಿಗ್ರಿಯೊಳಗೆ ಕರಗುತ್ತದೆ. ಕೊರತೆ ಡಿಗ್ರಿಯದ್ದಲ್ಲ, ಬಿಸಿ ಸಾಗುವ ದಾರಿಯದ್ದು.

ಪಂಪ್‌ನ ದಪ್ಪ ವೈರ್‌ಗೂ ಕೆ ಬಿಟ್ಟೇ ಸರಿ. ಮೊಬೈಲ್ ಚಾರ್ಜರ್‌ನ ಚಿಕ್ಕ ಭಾಗಗಳಿಗೆ 19 ವೋಲ್ಟ್, ಸಣ್ಣ ಬಿಟ್ ಧಾರಾಳ ಸಾಕು.

ಈಗ ಬೇಸರದ ವಿಷಯ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ತರಿಸಿದ ಒಂದು ಬಿಟ್‌ನ ಲೇಪನ ಬಹಳ ಬೇಗ ಹೋಯಿತು. ಮಾರಿದವರು ಬದಲಿಸಿ ಕೊಡಲೂ ಇಲ್ಲ. ಬಿಟ್‌ನ ಒಳಗೆ ತಾಮ್ರ, ಮೇಲೆ ಕಬ್ಬಿಣದ ಪದರು. ಪದರು ಹೋದರೆ ಕರಗಿದ ಸೋಲ್ಡರ್ ತಾಮ್ರವನ್ನು ತಿಂದು ಗುಂಡಿ ಮಾಡುತ್ತದೆ. ಅದಕ್ಕೇ ಬಿಟ್ ಕಪ್ಪಾಯಿತೆಂದು ಅರ ಹಾಕಿ ಉಜ್ಜಬಾರದು. ಹಿತ್ತಾಳೆ ನಾರಿನಲ್ಲಿ ಒರೆಸಿ, ಹೊಸ ಸೋಲ್ಡರ್ ಹಚ್ಚಿ ಇಡಬೇಕು. ಟೀ ಕುಡಿಯಲು ಎದ್ದರೂ ಬಳಸದಿದ್ದಾಗ ತಾನೇ ಬಿಸಿ ಇಳಿಸುವ ಸ್ಲೀಪ್ ಸೆಟ್ಟಿಂಗ್ ಆನ್ ಇರಲಿ, ಬಿಟ್‌ನ ಆಯುಷ್ಯ ಅದರಿಂದಲೇ ಜಾಸ್ತಿಯಾಗುತ್ತದೆ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ಎರಡು ಪಿನ್ನಿನ ಅಡಾಪ್ಟರ್ ಹಾಕಿದರೆ ತುದಿಗೆ ಅರ್ಥಿಂಗ್ ಇರುವುದಿಲ್ಲ. ಮುಟ್ಟಿದರೆ ಜುಮ್ಮೆನ್ನಬಹುದು, ಬೋರ್ಡಿನ ಮಾಸ್‌ಫೆಟ್ ಎಂಬ ಸೂಕ್ಷ್ಮ ಭಾಗ ಸುಡಲೂಬಹುದು. ಮೂರು ಪಿನ್ನಿನ ಸಪ್ಲೈ ತಗೊಂಡು, ತುದಿಯಿಂದ ಅರ್ಥ್ ಪಿನ್‌ವರೆಗೆ ಸಂಪರ್ಕ ಇದೆಯೇ ಎಂದು ಮಲ್ಟಿಮೀಟರ್‌ನಲ್ಲಿ ನೋಡಿ. ಅಂಗಡಿಯ ಪ್ಲಗ್‌ನಲ್ಲೇ ಅರ್ಥ್ ಇಲ್ಲದಿದ್ದರೆ ಮೊದಲು ಎಲೆಕ್ಟ್ರಿಶಿಯನ್‌ನ ಕರೆಸಿ, ಸ್ಟೇಶನ್ ಆಮೇಲೆ ತಗೊಳ್ಳಿ.