ವಿಸಿಡಿಯ 164 ಗೆರೆ, ಮೂರು ಪರದೆ: ಐಪ್ಯಾಕ್, ಆಕ್ಸಿಮ್, ಪಾಮ್ ಟಿಎಕ್ಸ್

ಹಳೆಯ ಪಿಡಿಎ, ಅಂದರೆ ಅಂಗೈ ಕಂಪ್ಯೂಟರ್, ಕೊಳ್ಳುವವರು ಮೊದಲು ಕೇಳುವುದು ಪ್ರೊಸೆಸರ್ ಎಷ್ಟು ಮೆಗಾಹರ್ಟ್ಸ್, ಪರದೆ ಎಷ್ಟು ಪಿಕ್ಸೆಲ್ ಎಂದು. ಪೂರ್ತಿ ಸಿನಿಮಾ ನೋಡುವ ಆಸೆ ಇದ್ದರೆ ಅದಕ್ಕೂ ಮೊದಲು ಕಪಾಟು ತೆರೆದು ನೋಡಬೇಕು. ಒಳಗಿರುವುದು ವಿಸಿಡಿಯೋ ಡಿವಿಡಿಯೋ ಎಂಬುದರ ಮೇಲೆ ಯಂತ್ರದ ಆಯ್ಕೆ ನಿಂತಿದೆ.

ಪಾಲ್ ಎಂಬ ಟಿವಿ ಪದ್ಧತಿಯ ವಿಸಿಡಿ ಚೌಕಟ್ಟು 352x288 ಪಿಕ್ಸೆಲ್, ಸೆಕೆಂಡಿಗೆ 25 ಫ್ರೇಮ್. ಸಿನಿಮಾಸ್ಕೋಪ್ ಚಿತ್ರವಾದರೆ ಇದರಲ್ಲಿ ಮೇಲೆ 62 ಗೆರೆ, ಕೆಳಗೆ 62 ಗೆರೆ ಬರೀ ಕಪ್ಪು ಪಟ್ಟಿ. ನಿಜವಾದ ಚಿತ್ರಕ್ಕೆ ಉಳಿಯುವುದು 164 ಗೆರೆ ಮಾತ್ರ. ಎಷ್ಟು ದುಬಾರಿ ಪರದೆಯ ಮೇಲೆ ಹಾಕಿದರೂ 165ನೇ ಗೆರೆ ಎಲ್ಲಿಂದಲೂ ಹುಟ್ಟುವುದಿಲ್ಲ.

ಹೋಲಿಕೆಗೆ ತೆಗೆದುಕೊಂಡದ್ದು ಮೂರು ಯಂತ್ರ. 2002ರ ಎಚ್‌ಪಿ ಐಪ್ಯಾಕ್ ಎಚ್1910: 200 ಮೆಗಾಹರ್ಟ್ಸ್ ಪಿಎಕ್ಸ್‌ಎ250, 240x320 ಪರದೆ, ಮೈಕ್ರೋಸಾಫ್ಟಿನ ಪಾಕೆಟ್ ಪಿಸಿ 2002 ಕಾರ್ಯಾಚರಣಾ ವ್ಯವಸ್ಥೆ. 2004ರ ಡೆಲ್ ಆಕ್ಸಿಮ್ ಎಕ್ಸ್50ವಿ: 624 ಮೆಗಾಹರ್ಟ್ಸ್ ಪಿಎಕ್ಸ್‌ಎ270, 480x640 ಪರದೆ, ಜೊತೆಗೆ 16 ಎಂಬಿ ಮೆಮೊರಿ ಇರುವ ಇಂಟೆಲ್ 2700ಜಿ ಗ್ರಾಫಿಕ್ಸ್ ಚಿಪ್. 2005ರ ಪಾಮ್ ಟಿಎಕ್ಸ್: 312 ಮೆಗಾಹರ್ಟ್ಸ್ ಪಿಎಕ್ಸ್‌ಎ270, 320x480 ಪರದೆ. ಕೊಟ್ಟ ಕೆಲಸ ಒಂದೇ: ಎರಡೂವರೆ ಗಂಟೆಯ ಸ್ಕೋಪ್ ಸಿನಿಮಾ ಒಂದೇ ಚಾರ್ಜಿನಲ್ಲಿ, ತುಟಿ ಮಾತು ತಪ್ಪದಂತೆ ಕೊನೆತನಕ ಓಡಬೇಕು. ನೋಡುವ ಜಾಗಗಳೂ ನಮ್ಮ ಕಡೆಯವೇ: ಕಲಬುರಗಿಯಿಂದ ವಾಡಿ, ಯಾದಗಿರಿ, ರಾಯಚೂರು ದಾಟಿ ಬೆಂಗಳೂರಿಗೆ ಹೋಗುವ ರೈಲಿನ ಮೇಲಿನ ಬರ್ತ್, ಮತ್ತು ಹುಮನಾಬಾದ್ ಮೇಲೆ ಬೀದರಿಗೆ ಹೋಗುವ ಹಗಲು ಬಸ್ಸಿನ ಕಿಟಕಿ ಪಕ್ಕದ ಸೀಟು.

ಪ್ಲೇಯರ್ ವಿಷಯ ಬೇಗ ಮುಗಿಸೋಣ. ಮೂರಕ್ಕೂ ಟಿಸಿಪಿಎಂಪಿ ಹಾಕಿ. ಬೀಟಾಪ್ಲೇಯರ್ ಎಂಬ ಹಳೆ ಹೆಸರಿನಿಂದ ಬೆಳೆದ ಈ ಮುಕ್ತ ತಂತ್ರಾಂಶ ಟಿಎಕ್ಸ್‌ನ ಪಾಮ್ ಓಎಸ್ 5ರಲ್ಲೂ ಉಳಿದೆರಡರ ಪಾಕೆಟ್ ಪಿಸಿಯಲ್ಲೂ ಓಡುತ್ತದೆ, ಎಕ್ಸ್‌ವಿಡ್ ಎಂಬ ವಿಧಾನದಲ್ಲಿ ಕುಗ್ಗಿಸಿದ ಎವಿಐ ಫೈಲನ್ನು ನೇರವಾಗಿ ಓದುತ್ತದೆ. ವಿಂಡೋಸ್ ಮೀಡಿಯಾ ಪ್ಲೇಯರಿಗೆ ಎಲ್ಲವನ್ನೂ ಡಬ್ಲ್ಯುಎಂವಿಗೆ ತಿರುಗಿಸಬೇಕು, ಪಾಮ್‌ನ ಕಿನೋಮಾಗೆ ಅದರದೇ ಪ್ರೊಡ್ಯೂಸರ್ ತಂತ್ರಾಂಶ ಬೇಕು. ಪಾಕೆಟ್‌ಟಿವಿ ಎಂಬುದು ವಿಸಿಡಿಯ ಎಂಪೆಗ್-1 ಅನ್ನು ಹಾಗೆಯೇ ಓಡಿಸುತ್ತದೆ, ಆದರೆ ವಿಸಿಡಿ ಸೆಕೆಂಡಿಗೆ 75 ಸೆಕ್ಟರ್ (ಡಿಸ್ಕಿನ ಒಂದೊಂದು ತುಂಡು), ಒಂದೊಂದು ಸೆಕ್ಟರಿಗೆ 2324 ಬೈಟ್ ತಿನ್ನುತ್ತದೆ. ಎರಡೂವರೆ ಗಂಟೆಗೆ ಲೆಕ್ಕ ಹಾಕಿದರೆ 1.57 ಜಿಬಿ. ಒಂದು ಸಿನಿಮಾಕ್ಕೆ 2 ಜಿಬಿ ಕಾರ್ಡು ಹೋಯಿತು, ಮೇಲಾಗಿ ಐಪ್ಯಾಕ್‌ನಲ್ಲಿ ಹೊಡೆದಾಟದ ದೃಶ್ಯ ಬಂದಾಗ ಫ್ರೇಮ್ ಬಿಡುತ್ತದೆ.

ಕಾರ್ಡಿನ ಬಗ್ಗೆ ಒಂದು ಎಚ್ಚರಿಕೆ. ಈಗ ಅಂಗಡಿಯಲ್ಲಿ ಸಿಗುವ 8, 16, 32 ಜಿಬಿ ಕಾರ್ಡುಗಳೆಲ್ಲ ಎಸ್‌ಡಿಎಚ್‌ಸಿ. ಆ ಪದ್ಧತಿ ಬಂದದ್ದು 2006ರಲ್ಲಿ, ಈ ಮೂರೂ ಅದಕ್ಕಿಂತ ಹಿಂದಿನವು. ಬೇರೆಯವರು ಬರೆದ ಡ್ರೈವರ್ ಹಾಕದೆ ಓದುವುದಿಲ್ಲ. ಹಳೆಯ 1 ಅಥವಾ 2 ಜಿಬಿಯ ಸಾದಾ ಎಸ್‌ಡಿ ಕಾರ್ಡನ್ನೇ ಹುಡುಕಿ, ಫ್ಯಾಟ್16ರಲ್ಲಿ ಫಾರ್ಮ್ಯಾಟ್ ಮಾಡಿಕೊಳ್ಳಿ. ಆಕ್ಸಿಮ್‌ಗೆ ಎಸ್‌ಡಿ ಜೊತೆಗೆ ಕಾಂಪ್ಯಾಕ್ಟ್ ಫ್ಲ್ಯಾಶ್ ಕಿಂಡಿಯೂ ಇದೆ, ಇದು ಅದರ ದೊಡ್ಡ ಅನುಕೂಲ. ಆ ಕಿಂಡಿಗೆ ಮೈಕ್ರೋಡ್ರೈವ್ ಮಾತ್ರ ಹಾಕಬೇಡಿ, ಒಳಗೆ ತಿರುಗುವ ತಟ್ಟೆ ಬ್ಯಾಟರಿಯನ್ನು ಹೀರುತ್ತದೆ.

ಈಗ ಸಿನಿಮಾ ತಯಾರಿ. ಎಲ್ಲ ಕೆಡುವುದೂ ಕೂಡುವುದೂ ಇಲ್ಲೇ.

ಕೈಯಿಂದ ಕೈಗೆ ಓಡಾಡಿದ ವಿಸಿಡಿಯ ಬೆನ್ನಿನ ತುಂಬ ಗೀರು. ಎಂಪೆಗ್‌ಎವಿ ಫೋಲ್ಡರಿನಲ್ಲಿ ಸಿನಿಮಾ ಇರುವ ಡ್ಯಾಟ್ ಫೈಲನ್ನು ವಿಂಡೋಸ್‌ನಲ್ಲಿ ಎಳೆದು ಹಾಕಿದರೆ ಅರ್ಧಕ್ಕೆ ನಿಂತು ದೋಷ ತೋರಿಸುತ್ತದೆ. ಕಾರಣವಿದೆ: ದತ್ತಾಂಶದ ಸಿಡಿಯಲ್ಲಿ ಪ್ರತಿ ಸೆಕ್ಟರಿಗೂ ತಪ್ಪು ತಿದ್ದುವ ಹೆಚ್ಚುವರಿ ಸಂಕೇತ ಇರುತ್ತದೆ. ವಿಸಿಡಿಯ ಚಿತ್ರದ ಸೆಕ್ಟರುಗಳಲ್ಲಿ ಆ ಜಾಗವನ್ನೂ ಚಿತ್ರಕ್ಕೇ ಕೊಟ್ಟುಬಿಟ್ಟಿದ್ದಾರೆ. ಗೀರಿನಿಂದ ಹೋದದ್ದು ಹೋಯಿತು, ತಿದ್ದಲು ಏನೂ ಇಲ್ಲ. ಡಿಸ್ಕ್ ಓದುವ ಐಸೋಬಸ್ಟರ್ ತಂತ್ರಾಂಶದಲ್ಲಿ ಎಂ2ಎಫ್2 (ಆ ಚಿತ್ರದ ಸೆಕ್ಟರುಗಳ) ಎಂಪೆಗ್ ಫ್ರೇಮುಗಳನ್ನಷ್ಟೇ ಹೊರತೆಗೆಯುವ ಆಯ್ಕೆ ಇದೆ, ಅದನ್ನು ಬಳಸಿ. ಕೆಟ್ಟ ಸೆಕ್ಟರ್ ಬಿಟ್ಟು ಮುಂದೆ ಹೋಗಲು ಹೇಳಿದರೆ ಆ ಜಾಗದಲ್ಲಿ ಅರೆಕ್ಷಣ ಚೌಕಚೌಕ ಕಾಣುತ್ತದೆ, ಉಳಿದ ಸಿನಿಮಾ ಕೈಗೆ ಬರುತ್ತದೆ. ನೀವೇ ಕೊಂಡ ಡಿಸ್ಕನ್ನು ನಿಮ್ಮ ಬಳಕೆಗಷ್ಟೇ ಹೀಗೆ ಮಾಡಿ.

ಸಿಕ್ಕ ಎಂಪಿಜಿ ಫೈಲನ್ನು ವಿಡಿಯೋ ತಿದ್ದುವ ತಂತ್ರಾಂಶ ವರ್ಚುವಲ್‌ಡಬ್‌ನಲ್ಲಿ ತೆರೆಯಿರಿ. ವಿಡಿಯೋ ಫಿಲ್ಟರಿನಲ್ಲಿ ಮೇಲೂ ಕೆಳಗೂ 62 ಗೆರೆ ಕತ್ತರಿಸಿ. ಪಟ್ಟಿಯ ಅಂಚಿನ ಒಂದು ಕಪ್ಪು ಗೆರೆ ಉಳಿದರೂ ಎನ್‌ಕೋಡರ್ (ವಿಡಿಯೋ ಕುಗ್ಗಿಸುವ ತಂತ್ರಾಂಶ) ಆ ಗಡಿಯನ್ನು ಚೊಕ್ಕವಾಗಿ ತೋರಿಸಲು ಬಿಟ್ ಸುರಿಯುತ್ತದೆ, ಆದ್ದರಿಂದ ಅನುಮಾನವಿದ್ದರೆ ಇನ್ನೆರಡು ಗೆರೆ ಹೆಚ್ಚೇ ಕತ್ತರಿಸಿ. ಆಮೇಲೆ ಅಳತೆ. ವಿಸಿಡಿಯ ಪಿಕ್ಸೆಲ್ ಪೂರ್ತಿ ಚೌಕವಲ್ಲ, 352x164 ಹಾಗೇ ಇಟ್ಟರೆ ಮುಖಗಳು ಉದ್ದವಾಗುತ್ತವೆ. ಟಿಎಕ್ಸ್‌ಗೂ ಆಕ್ಸಿಮ್‌ಗೂ 352x152, ಐಪ್ಯಾಕ್‌ಗೆ 320x136. ಟಿಎಕ್ಸ್ ಪರದೆ 480 ಅಗಲವಿದೆಯೆಂದು ಇಲ್ಲೇ 480ಕ್ಕೆ ಹಿಗ್ಗಿಸಬೇಡಿ. ಹಿಗ್ಗಿಸುವ ಕೆಲಸ ಪ್ಲೇಯರಿಗೆ ಬಿಡಿ. ಇಲ್ಲದ ವಿವರಕ್ಕೆ ಕಾರ್ಡಿನ ಜಾಗ ಕೊಡುವುದರಲ್ಲಿ ಅರ್ಥವಿಲ್ಲ.

ಎಕ್ಸ್‌ವಿಡ್ ಎರಡು ಪಾಸ್: ಮೊದಲು ಸಿನಿಮಾ ಅಳೆಯುವ ಸುತ್ತು, ಆಮೇಲೆ ಬರೆಯುವ ಸುತ್ತು. ಕ್ವಾರ್ಟರ್ ಪಿಕ್ಸೆಲ್, ಜಿಎಂಸಿ ಎಂಬ ಚಲನೆ ಅಳೆಯುವ ಆಯ್ಕೆಗಳೆರಡನ್ನೂ ತೆಗೆಯಿರಿ, ಇಂಥ ಪ್ರೊಸೆಸರಿಗೆ ಅವು ಭಾರ. ಕ್ವಾಂಟೈಸೇಶನ್ (ವಿವರ ಕಡಿತದ ಬಗೆ) ಎಚ್.263 ಇರಲಿ, ಕಡಿಮೆ ಬಿಟ್‌ರೇಟಿನಲ್ಲಿ (ಸೆಕೆಂಡಿಗೆ ಖರ್ಚಾಗುವ ಬಿಟ್) ಅದೇ ಮೆತ್ತಗೆ ಕಾಣುತ್ತದೆ. ಬಿ-ಫ್ರೇಮ್ (ಹಿಂದುಮುಂದಿನ ಫ್ರೇಮ್ ನೋಡಿ ಕಟ್ಟುವ ಫ್ರೇಮ್) ಐಪ್ಯಾಕ್‌ಗೆ ಸೊನ್ನೆ, ಉಳಿದೆರಡಕ್ಕೆ ಒಂದು. ಕೀಫ್ರೇಮ್ (ಬೇರೆ ಫ್ರೇಮಿನ ಹಂಗಿಲ್ಲದ ಪೂರ್ತಿ ಚಿತ್ರ) ಗರಿಷ್ಠ ಅಂತರವನ್ನು 125ಕ್ಕೆ ಇಳಿಸಿ, ಅಂದರೆ 5 ಸೆಕೆಂಡಿಗೊಂದು. ಮೊದಲಿನಿಂದ ಇರುವ ದೊಡ್ಡ ಅಂಕಿ ಬಿಟ್ಟರೆ ಹಾಡು ಹಾರಿಸಿ ಮುಂದೆ ಹೋಗುವಾಗ ಪ್ಲೇಯರ್ ತಡವರಿಸುತ್ತದೆ. ಧ್ವನಿ ಎಂಪಿ3, 64 ಕೆಬಿಪಿಎಸ್, 44.1 ಕಿಲೋಹರ್ಟ್ಸ್, ಒಂದೇ ಸ್ಥಿರ ಬಿಟ್‌ರೇಟ್. ಬದಲಾಗುವ ಬಿಟ್‌ರೇಟಿನ ಎಂಪಿ3 ಅನ್ನು ಎವಿಐ ಒಳಗೆ ತುರುಕಿದರೆ ಸಿನಿಮಾ ಮುಂದುವರಿದಂತೆ ಮಾತು ತುಟಿಗಿಂತ ಹಿಂದೆ ಬೀಳುತ್ತದೆ. ಅದನ್ನು ನೋಡಿ ಯಂತ್ರ ನಿಧಾನ ಎಂದು ಬೈಯುವವರು ಬಹಳ.

ವಿಡಿಯೋ 350, ಧ್ವನಿ 64 ಕೆಬಿಪಿಎಸ್ ಇಟ್ಟರೆ ಎರಡೂವರೆ ಗಂಟೆಗೆ ಸುಮಾರು 466 ಎಂಬಿ. 2 ಜಿಬಿ ಕಾರ್ಡಿಗೆ ನಾಲ್ಕು ಸಿನಿಮಾ. ಐಪ್ಯಾಕ್‌ಗೆ ವಿಡಿಯೋ 250 ಸಾಕು, ಆಗ 353 ಎಂಬಿ.

ಸಿನಿಮಾ ಎರಡು ಅಥವಾ ಮೂರು ಡಿಸ್ಕಿನಲ್ಲಿರುತ್ತದೆ. ಒಂದೊಂದನ್ನೂ ಬೇರೆ ಎನ್‌ಕೋಡ್ ಮಾಡಿ, ಬೇರೆ ಫೈಲಾಗಿಯೇ ಇಟ್ಟುಕೊಳ್ಳಿ. ನಮ್ಮ ಕಡೆ ಬೇಸಿಗೆಯಲ್ಲಿ ಕರೆಂಟ್ ಹೇಳಿ ಹೋಗುವುದಿಲ್ಲ. ಎವಿಐ ಫೈಲಿನ ಸೂಚಿ ಬರೆಯುವುದು ಕಟ್ಟಕಡೆಗೆ. ನಡುವೆ ಕಂಪ್ಯೂಟರ್ ಆರಿದರೆ ಸೂಚಿಯಿಲ್ಲದ ಫೈಲ್ ಉಳಿಯುತ್ತದೆ, ಅದರಲ್ಲಿ ಹಿಂದೆ ಮುಂದೆ ಹೋಗಲಾಗದು. ಡಿಸ್ಕ್ ಲೆಕ್ಕದಲ್ಲಿ ಮಾಡಿದರೆ ನಷ್ಟ ಒಂದು ಭಾಗಕ್ಕಷ್ಟೇ. ಮೊದಲ ಪಾಸ್ ಮುಗಿದಿದ್ದರೆ ಅದರ ಅಂಕಿಅಂಶದ ಫೈಲ್ ಡಿಸ್ಕಿನಲ್ಲೇ ಇರುತ್ತದೆ, ಎರಡನೇ ಪಾಸ್ ಮಾತ್ರ ಮತ್ತೆ ಓಡಿಸಿ.

ಯಂತ್ರಗಳಿಗೆ ಬರೋಣ. ಟಿಸಿಪಿಎಂಪಿಯಲ್ಲಿ ಬೆಂಚ್‌ಮಾರ್ಕ್ ಎಂಬ ಆಯ್ಕೆ ಇದೆ. ಫೈಲನ್ನು ತನ್ನ ಶಕ್ತಿಯಿದ್ದಷ್ಟು ವೇಗವಾಗಿ ಓಡಿಸಿ ಸರಾಸರಿ ವೇಗ ಶೇಕಡಾ ಎಷ್ಟೆಂದು ತೋರಿಸುತ್ತದೆ. 100 ಬಂದರೆ ಸಾಕೆಂದು ತಿಳಿಯಬೇಡಿ, ಅದು ಸರಾಸರಿ. ಮಳೆ, ಜನಜಂಗುಳಿ, ಕುಣಿತದ ದೃಶ್ಯಗಳು ಸರಾಸರಿಗಿಂತ ಬಹಳ ಭಾರ. 150ರ ಆಸುಪಾಸು ಬಂದರೆ ನೆಮ್ಮದಿ. ಹಾಡಿನ ಭಾಗವನ್ನೇ ಹತ್ತು ನಿಮಿಷ ಕತ್ತರಿಸಿ ಅಳೆದರೆ ನಿಜ ಗೊತ್ತಾಗುತ್ತದೆ.

ಐಪ್ಯಾಕ್ ಎಚ್1910 ಇಲ್ಲಿ ಬಡವ. ಮೇಲೆ ಹೇಳಿದ ಹದದಲ್ಲಿ ಮಾಡಿದ ಫೈಲನ್ನು ಮಾತ್ರ ಸರಾಗ ಓಡಿಸುತ್ತದೆ, ಕಂಪ್ಯೂಟರಿನಲ್ಲಿದ್ದ ಯಾವುದೋ ಎವಿಐ ಹಾಕಿದರೆ ಮಂಡಿಯೂರುತ್ತದೆ. ಇದಕ್ಕಿಂತ ಕಾಡುವುದು ಪರದೆ. ನೆಟ್ಟಗೆ ಹಿಡಿದು ನೋಡಲೆಂದು ಮಾಡಿದ ಎಲ್‌ಸಿಡಿಯನ್ನು ಅಡ್ಡ ತಿರುಗಿಸಿದಾಗ, ಮೇಲೆ ಕೆಳಗೆ ಬದಲಾಗಬೇಕಿದ್ದ ಬಣ್ಣ ಎಡಬಲಕ್ಕೆ ಬದಲಾಗುತ್ತದೆ. ಎಡಗಣ್ಣಿಗೆ ಒಂದು ಬೆಳಕು, ಬಲಗಣ್ಣಿಗೆ ಇನ್ನೊಂದು. ಬಿಳಿ ಪಂಚೆ ಉಟ್ಟ ಪಾತ್ರ ಬಂದಾಗ ಬಟ್ಟೆ ಮಿಣಮಿಣ ಎಂದಂತೆ ಕಾಣುವುದು ಅದಕ್ಕೇ. ಒಂದು ಕಣ್ಣು ಮುಚ್ಚಿದರೆ ಆ ಮಿಣುಕು ನಿಲ್ಲುತ್ತದೆ, ತೆರೆದರೆ ಮತ್ತೆ ಶುರು. ತುಸು ವಾಲಿಸಿ ನೋಡಿದರೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಬಿಸಿಲಿನಲ್ಲಿ ಮಾತ್ರ ಈ ಯಂತ್ರ ಕೈ ಬಿಡುವುದಿಲ್ಲ. ಹೊರಗಿನ ಬೆಳಕನ್ನೂ ಹಿಂದಕ್ಕೆ ಕಳಿಸುವ ಪರದೆಯಾದ್ದರಿಂದ ಹುಮನಾಬಾದ್ ದಾರಿಯ ನಡುಹಗಲಲ್ಲೂ ಏನು ನಡೆಯುತ್ತಿದೆ ಎಂದು ತಿಳಿಯುತ್ತದೆ.

ಆಕ್ಸಿಮ್ ಎಕ್ಸ್50ವಿ ಇದಕ್ಕೆ ತದ್ವಿರುದ್ಧ. ಟಿಸಿಪಿಎಂಪಿ ಸೆಟ್ಟಿಂಗ್‌ನಲ್ಲಿ ವಿಡಿಯೋ ಡ್ರೈವರನ್ನು ಇಂಟೆಲ್ 2700ಜಿ ಎಂದು ಆರಿಸಿ. ಆಗ ಫೈಲ್ ಬಿಚ್ಚಿ ಚಿತ್ರವಾಗಿಸುವ ಕೆಲಸದ ಭಾರದ ಪಾಲು, ಹಿಗ್ಗಿಸುವ ಕೆಲಸ ಎರಡೂ ಆ ಚಿಪ್ಪಿಗೆ ಹೋಗುತ್ತವೆ. ಚಿತ್ರ ಮೆಟ್ಟಿಲು ಮೆಟ್ಟಿಲಾಗದೆ ನುಣ್ಣಗೆ ಪರದೆ ತುಂಬುತ್ತದೆ. ಡಿವಿಡಿಯಿಂದ 640x272ಕ್ಕೆ, 700 ಕೆಬಿಪಿಎಸ್ ವಿಡಿಯೋ, 96 ಧ್ವನಿ ಇಟ್ಟು ಮಾಡಿದ ಸಿನಿಮಾವನ್ನು ಇದರ ಮೇಲೆ ನೋಡಿದ ಮೇಲೆ ಉಳಿದ ಎರಡನ್ನು ಕೈಗೆತ್ತಿಕೊಳ್ಳಲು ಮನಸ್ಸು ಬರುವುದಿಲ್ಲ. ದೂರದ ಮುಖಗಳ ಕಣ್ಣು ಕಾಣುತ್ತದೆ. ಆದರೆ ಆ ಫೈಲ್ ಸುಮಾರು 896 ಎಂಬಿ, ಬಿಚ್ಚಬೇಕಾದ ಪಿಕ್ಸೆಲ್ ಐಪ್ಯಾಕ್‌ನ ಫೈಲಿಗಿಂತ ನಾಲ್ಕು ಪಟ್ಟು. ಜೊತೆಗೆ ಬರುವ 1100 ಎಂಎಎಚ್ ಬ್ಯಾಟರಿ ಹಳೆಯದಾದರೆ ಎರಡೂವರೆ ಗಂಟೆ ನಂಬುವ ಹಾಗಿಲ್ಲ. 2200ರ ದೊಡ್ಡ ಬ್ಯಾಟರಿ ಹಾಕಿದರೆ ಬೆನ್ನು ಉಬ್ಬುತ್ತದೆ, ಅಂಗಿ ಜೇಬಿಗೆ ಹೋಗುವುದಿಲ್ಲ. ವಿಸಿಡಿಯ ಫೈಲ್ ನೋಡುವಾಗ ಪ್ರೊಸೆಸರನ್ನು ವಿದ್ಯುತ್ ಉಳಿಸುವ ಹಂತಕ್ಕೆ ಇಳಿಸಿ, ವೇಗಕ್ಕೆ ಕೊರತೆಯಾಗದು. ಅಲ್ಲಿಗೆ ಪ್ರಶ್ನೆಯೂ ಏಳುತ್ತದೆ: 164 ಗೆರೆಗೆ ಇಷ್ಟು ದೊಡ್ಡ ಯಂತ್ರ ಬೇಕೆ?

ಟಿಎಕ್ಸ್ ಗೆಲ್ಲುವುದು ಇಲ್ಲಿ. ಅದರ ಪರದೆ 3:2, ಉಳಿದೆರಡು 4:3. ಸ್ಕೋಪ್ ಚಿತ್ರಕ್ಕೆ ಅಗಲವೇ ಮುಖ್ಯ. ಅಡ್ಡ ಹಿಡಿದಾಗ ಟಿಎಕ್ಸ್‌ನಲ್ಲಿ ಚಿತ್ರ ಸುಮಾರು 8 ಸೆಂಟಿಮೀಟರ್ ಅಗಲ, 3.7 ಇಂಚಿನ ಆಕ್ಸಿಮ್‌ನಲ್ಲಿ ಏಳೂವರೆ, 3.5 ಇಂಚಿನ ಐಪ್ಯಾಕ್‌ನಲ್ಲಿ ಏಳು ಚಿಲ್ಲರೆ. ಪಿಕ್ಸೆಲ್ ಕಡಿಮೆಯಿದ್ದರೂ ಕಣ್ಣಿಗೆ ಸಿಗುವ ಚಿತ್ರ ಮೂರರಲ್ಲಿ ಇದರದೇ ದೊಡ್ಡದು. 312 ಮೆಗಾಹರ್ಟ್ಸ್ ಈ ಕೆಲಸಕ್ಕೆ ಧಾರಾಳ, ಪಿಎಕ್ಸ್‌ಎ270ರ ವೈರ್‌ಲೆಸ್ ಎಂಎಂಎಕ್ಸ್ ಎಂಬ, ವಿಡಿಯೋ ಲೆಕ್ಕಕ್ಕೆ ಒದಗುವ ಆದೇಶಗಳನ್ನು ಟಿಸಿಪಿಎಂಪಿ ಚೆನ್ನಾಗಿ ಬಳಸಿಕೊಳ್ಳುತ್ತದೆ. ವೈಫೈ, ಬ್ಲೂಟೂತ್ ಆರಿಸಿ, ಬೆಳಕನ್ನು ಅರ್ಧಕ್ಕೆ ಇಟ್ಟರೆ ಸ್ಥಿತಿ ಚೆನ್ನಾಗಿರುವ ಬ್ಯಾಟರಿ ಒಂದು ಸಿನಿಮಾ ಮುಗಿಸಿ ಮಿಗುತ್ತದೆ. ಇದರ ದೋಷವೂ ಬ್ಯಾಟರಿಯೇ: ಆಕ್ಸಿಮ್‌ನ ಹಾಗೆ ಕಳಚಿ ಬೇರೆ ಹಾಕಲಾಗದು. ಸ್ಪೀಕರ್ ಬೆನ್ನ ಹಿಂದಿದೆ, ಬರ್ತ್ ಮೇಲೆ ಮಲಗಿ ಎದೆಯ ಮೇಲಿಟ್ಟರೆ ಮುಚ್ಚಿಹೋಗುತ್ತದೆ. ಇಯರ್‌ಫೋನ್ ಬೇಕೇ ಬೇಕು. ಅನುಸ್ಥಾಪನೆಯಲ್ಲಿ ಒಂದು ಮಾತು: ಟಿಸಿಪಿಎಂಪಿಯ ಪಾಮ್ ಆವೃತ್ತಿ ಹಲವು ಪಿಆರ್‌ಸಿ (ಪಾಮ್ ತಂತ್ರಾಂಶದ) ಫೈಲುಗಳಾಗಿ ಬರುತ್ತದೆ. ಎಲ್ಲವನ್ನೂ ಹಾಟ್‌ಸಿಂಕ್ ಮಾಡಿ, ಅಂದರೆ ಕಂಪ್ಯೂಟರಿನಿಂದ ಯಂತ್ರಕ್ಕೆ ಕಳಿಸಿ. ಎಂಪೆಗ್-4ರ ಫೈಲೊಂದು ಬಿಟ್ಟುಹೋದರೆ ಧ್ವನಿ ಬರುತ್ತದೆ, ಚಿತ್ರ ಬರುವುದಿಲ್ಲ.

ಇನ್ನೊಂದು ವಿಷಯದಲ್ಲೂ ಟಿಎಕ್ಸ್ ಮೇಲು. ಐಪ್ಯಾಕ್, ಆಕ್ಸಿಮ್ ಎರಡರಲ್ಲೂ ತಂತ್ರಾಂಶ ಕೂರುವುದು ರ‍್ಯಾಮ್‌ನಲ್ಲಿ. ಬ್ಯಾಟರಿ ಪೂರ್ತಿ ಖಾಲಿಯಾದರೆ ಟಿಸಿಪಿಎಂಪಿಯೂ ಅಳಿಸಿಹೋಗುತ್ತದೆ. ಅದನ್ನು ಮತ್ತೆ ಹಾಕಲು ಬೇಕಾದ ಕ್ಯಾಬ್ ಫೈಲನ್ನು ಕಾರ್ಡಿನಲ್ಲಿ ಇಟ್ಟುಕೊಂಡೇ ಮನೆ ಬಿಡಿ. ಟಿಎಕ್ಸ್‌ನ ನೆನಪು ಫ್ಲ್ಯಾಶ್, ಖಾಲಿಯಾದರೂ ಉಳಿಯುತ್ತದೆ.

ರಾತ್ರಿಯ ದೃಶ್ಯಗಳು ಮೂರರಲ್ಲೂ ಕೆಸರಾಗುತ್ತವೆ. 16 ಬಿಟ್ ಬಣ್ಣದ ಪರದೆಯಲ್ಲಿ ಕತ್ತಲಿನ ಛಾಯೆಗಳು ಪಟ್ಟೆಪಟ್ಟೆಯಾಗುವುದು ಸಹಜ. ಎನ್‌ಕೋಡ್ ಮಾಡುವಾಗಲೇ ವರ್ಚುವಲ್‌ಡಬ್‌ನ ಲೆವೆಲ್ಸ್ ಫಿಲ್ಟರಿನಲ್ಲಿ ಗಾಮಾ (ನಡುಛಾಯೆಗಳ ಬೆಳಕು) 1.2 ಮಾಡಿ, ಪ್ಲೇಯರಿನಲ್ಲಿ ಡಿದರಿಂಗ್ (ಪಟ್ಟೆ ಮರೆಸುವ ಚುಕ್ಕಿ ಬೆರಕೆ) ಹಾಕಿ. ತೆಲುಗು, ಹಿಂದಿ ಸಿನಿಮಾಕ್ಕೆ ಉಪಶೀರ್ಷಿಕೆ ಬೇಕಿದ್ದರೆ ಎನ್‌ಕೋಡ್ ಮಾಡುವ ಮುನ್ನ ಚಿತ್ರದ ಮೇಲೇ ಅಚ್ಚೊತ್ತಬೇಕು. ಅಳತೆ ಇಳಿಸಿದ ನಂತರ ಅಚ್ಚೊತ್ತಿ. ಮೊದಲೇ ಅಚ್ಚೊತ್ತಿ ಆಮೇಲೆ ಇಳಿಸಿದರೆ ಅಕ್ಷರ ಓದಲು ಬಾರದಷ್ಟು ಕುಗ್ಗುತ್ತದೆ.

ಇವೆಲ್ಲ ಈಗ ಸಿಗುವುದು ಎರಡನೇ ಕೈಯಲ್ಲಿ. ಕೊಳ್ಳುವಾಗ ಸಮತಟ್ಟು ಮೇಜಿನ ಮೇಲೆ ಬೆನ್ನಡಿ ಮಾಡಿ ಇಟ್ಟು ಒಂದು ಮೂಲೆ ಒತ್ತಿ ನೋಡಿ. ತೂಗಾಡಿದರೆ ಒಳಗಿನ ಬ್ಯಾಟರಿ ಊದಿದೆ. ಆಕ್ಸಿಮ್, ಐಪ್ಯಾಕ್ ಆದರೆ ಬೇರೆ ಬ್ಯಾಟರಿ ಹಾಕಬಹುದು. ಟಿಎಕ್ಸ್ ಆದರೆ ಕವಚ ಬಿಚ್ಚುವ ಕೆಲಸ ಗೊತ್ತಿದ್ದವರು ಸಿಗುವವರೆಗೆ ಕೊಳ್ಳಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಬಿಸಿಲು 42 ಡಿಗ್ರಿ ದಾಟುವಾಗ ಚಾರ್ಜಿಗೆ ಹಾಕಿಕೊಂಡೇ ಸಿನಿಮಾ ನೋಡುವುದೂ ಬೇಡ. ಬೆಳಗಿನ ತಂಪಿನಲ್ಲಿ ತುಂಬಿಸಿ, ಮಧ್ಯಾಹ್ನ ವೈರ್ ತೆಗೆದು ನೋಡಿ.